ತೆಂಗಿನತುರಿಯ ಜೋಳದ ರೊಟ್ಟಿ

ಗೆಳೆಯರೇ, ಇವತ್ತು ಮಧ್ಯಾಹ್ನ ಉಡುಪಿಯ ಹೋಟೆಲೊಂದರಲ್ಲಿ ನನ್ನ ಮಾನ ಹೋಯಿತು. ಪ್ರಾಥಮಿಕ ಶಾಲೆಯಲ್ಲಿ ನನಗೆ ಕಲಿಸಿದ ಬಸಪ್ಪ ಮಾಸ್ಟ್ರನ್ನು ಜೋಳದ ರೊಟ್ಟಿ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಬಿಜಾಪುರದವರಲ್ಲವೇ, ಖುಷಿಪಡುತ್ತಾರೆ ಅಂದುಕೊಂಡಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ಕರಾವಳಿಯ ಬೆಳ್ಮಣ್ ಹತ್ತಿರದ ನಮ್ಮ ಶಾಲೆಗೆ ಘಟ್ಟದ ಮೇಲಿನಿಂದ ಬಂದ ಮಾಸ್ಟ್ರುಗಳೆಲ್ಲ ಕುಚ್ಚಲಕ್ಕಿ ಗಂಜಿಗೆ ಹೆದರಿ ವರ್ಗ ಮಾಡಿಸಿಕೊಂಡು ಓಡುತ್ತಿದ್ದರು. ಶಾಲೆಗೆ ಬೀಗ ಬೀಳುವುದರಲ್ಲಿತ್ತು. ನಮ್ಮ ಚಾವಡಿಯಲ್ಲೇ ಉಳಿದುಕೊಂಡಿದ್ದ ಬಸಪ್ಪ ಮಾಸ್ಟ್ರೂ ಟ್ರಂಕು ಕಟ್ಟುವ ಮಾತೆತ್ತಿದಾಗ ಅಮ್ಮನಿಗೆ ಗಾಬರಿಯಾಯಿತು. "ಇವರೂ ಹೋದರೆ ಮಕ್ಕಳ ಗತಿ ಎಂತ?" ಎಂದವಳೇ ಪರಿಚಯದ ಲಾರಿ ಡ್ರೈವರಿಗೆ ಹೇಳಿ ಹುಬ್ಬಳ್ಳಿಯಿಂದ ಜೋಳದ ಹಿಟ್ಟು ತರಿಸಿದಳು. ಆಕೆ ಜೋಳದ ರೊಟ್ಟಿಯನ್ನು ಕಂಡವಳೇ ಅಲ್ಲ. ಹಿಟ್ಟಿಗೆ ತೆಂಗಿನತುರಿ ಬೆರೆಸಿ, ಬಾಳೆಲೆಯಲ್ಲಿ ಮಡಚಿ, ಕಡುಬಿನಂತೆ ಹಬೆಯಲ್ಲಿ ಬೇಯಿಸಿಬಿಟ್ಟಳು!

ಮಾಸ್ಟ್ರು ಪೂರ್ತಿ ತಿಂದರು. ಕೈ ತೊಳೆದು, "ಅಕ್ಕಾರ, ನಾಳಿಂದ ಗಂಜೀನ ಕೊಡ್ರಿ" ಅಂದರು. ನಿವೃತ್ತಿಯಾಗುವವರೆಗೂ ಮತ್ತೆ ಟ್ರಂಕಿನ ಮಾತೆತ್ತಲಿಲ್ಲ. ಆಮೇಲೂ ಊರು ಬಿಡಲಿಲ್ಲ.

ಇವತ್ತಿನ ರೊಟ್ಟಿ ತೆಳ್ಳಗೆ, ಬಿಸಿಬಿಸಿಯಾಗಿ ಬಂತು. ಮಾಸ್ಟ್ರು ಒಂದು ಚೂರು ಬಾಯಿಗಿಟ್ಟು ಹೋಟೆಲಿನವರನ್ನೇ ಕರೆದರು.

"ಎಂತ ಮಾರಾಯ ಇದು? ತೆಂಗಿನಕಾಯಿಯೇ ಹಾಕಲಿಲ್ಲ! ಇರಲಿ, ಗಂಜಿ ಉಂಟಾ?"

ಹೋಟೆಲಿನವರು ಬಾಗಲಕೋಟೆ ಕಡೆಯವರು. ಕಣ್ಣು ಬಿಟ್ಟು ಕೇಳಿದರು, "ಯಾವೂರ್ರಿ ನಿಮ್ದು?"

"ಬೆಳ್ಮಣ್," ಅಂದರು ಮಾಸ್ಟ್ರು.

ಅಮ್ಮನ ರೊಟ್ಟಿ ಕೊನೆಗೂ ಜೀರ್ಣವಾಗಿದೆ ಅನ್ನಿ.