ಅಶ್ವತ್ಥಮ್ಮ ಬಗ್ಗಿಸಿದ ಮಂಡಿ

ನನ್ನ ಬಲಗಾಲಿನ ಕತೆಯನ್ನು ನಮ್ಮ ಮನೆಯವರು ಇವತ್ತಿಗೂ ತಪ್ಪಾಗಿಯೇ ಹೇಳುತ್ತಾರೆ. ತಿಮ್ಮಪ್ಪನ ಹರಕೆಯಿಂದ ಕಾಲು ಬಂತಂತೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಕಾಲು ಬಂದದ್ದು ನಮ್ಮ ಚಿಕ್ಕಮ್ಮ ಅಶ್ವತ್ಥಮ್ಮನಿಂದ. ಆಕೆಯ ಹೆಸರನ್ನು ಮಾತ್ರ ಒಬ್ಬರೂ ಎತ್ತುವುದಿಲ್ಲ.

ಮೂವತ್ತೆಂಟನೇ ಇಸವಿ. ಕ್ಯಾಲನೂರಿನ ಹತ್ತಿರ ನಮ್ಮ ತೋಟದ ಬಾವಿಯಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದೆ. ಎತ್ತುಗಳು ಇಳಿಜಾರು ಇಳಿಯುವಾಗ ಹಗ್ಗ ಕಿತ್ತುಹೋಯಿತು. ಹಗ್ಗದ ಮೇಲೆ ಕೂತಿದ್ದ ನಾನು ಕಲ್ಲಿನ ಮೇಲೆ ಬಿದ್ದೆ. ಮಂಡಿಯ ಕೆಳಗೆ ಮೂಳೆ ಚರ್ಮ ಹರಿದುಕೊಂಡು ಆಚೆ ಬಂತು. ಗಾಡಿಯಲ್ಲಿ ಕೋಲಾರದ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಡಾಕ್ಟರು ಗಾಯ ತೊಳೆದು, ಮೂಳೆ ಕೂಡಿಸಿ, ಬಿಳೀ ಕಟ್ಟು ಹಾಕಿದರು. ಕಾಲು ಕೊಳೆಯದೆ ಉಳಿದದ್ದು ಅವರಿಂದ. ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋಗಲಿ.

ನನಗೆ ತಾಯಿ ಇರಲಿಲ್ಲ. ಆಸ್ಪತ್ರೆಯಲ್ಲಿ ಹತ್ತಿರ ಇದ್ದವಳು ಚಿಕ್ಕಮ್ಮ. ಚಿಕ್ಕಪ್ಪ ಸತ್ತ ಮೇಲೂ ನಮ್ಮ ಮನೆಯಲ್ಲೇ ದುಡಿದುಕೊಂಡಿದ್ದಳು. ಕಟ್ಟು ಬಿಚ್ಚಿದ ದಿನ ಡಾಕ್ಟರು ಆಕೆಗೆ ಹೇಳಿದರು: "ನಮ್ಮ ಔಷಧಿ ಕೆಲಸ ಮುಗೀತಮ್ಮ. ಇನ್ನು ದಿನಾ ಮಂಡಿ ಬಗ್ಗಿಸಿ ನಡೆಸಬೇಕು. ಮಲಗಿಸಿಬಿಟ್ರೆ ಹಂಗೇ ಸೆಟೆದುಕೊಂಡು ನಿಂತುಬಿಡುತ್ತೆ."

ಮನೆಯ ನ್ಯಾಯವೇ ಬೇರೆ. ಕಾಯಿಲೆಯಿಂದ ಎದ್ದವನು ಒಳ್ಳೆ ದಿನ ನೋಡಿ ತಲೆಗೆ ನೀರು ಹಾಕಿಸಿಕೊಳ್ಳುವವರೆಗೂ ನೆಲಕ್ಕೆ ಕಾಲಿಡಬಾರದು. ನಾವು ಮನೆಗೆ ಬಂದಾಗ ಆಷಾಢ, ಒಳ್ಳೆ ದಿನವೇ ಇಲ್ಲ. ಶ್ರಾವಣ ಹುಟ್ಟುವ ತನಕ ಮಲಗಿರಲಿ ಎಂದರು ನಮ್ಮಪ್ಪ. ನನ್ನ ಮಂಡಿ ಆಗಲೇ ಒನಕೆಯಂತಾಗಿತ್ತು.

ಎಲ್ಲರೂ ಹೊಲಕ್ಕೆ ಹೋದ ಮೇಲೆ ಚಿಕ್ಕಮ್ಮ ಮಂಡಿಗೆ ಹರಳೆಣ್ಣೆ ತಿಕ್ಕಿ ಬಗ್ಗಿಸುವಳು. ನಾನು ಊರು ಕೇಳುವಂತೆ ಕಿರುಚುತ್ತಿದ್ದೆ. ಆಮೇಲೆ ಮುದ್ದೆಯ ತಟ್ಟೆಯನ್ನು ಕಂಬದ ಹತ್ತಿರ ಇಟ್ಟು ಕೂರುವಳು.

"ಬಂದು ತಿನ್ನು."

"ಹೆಂಗೆ ಬರ್ಲಿ? ನೀನೇನು ಮನುಷ್ಯಳಾ, ರಾಕ್ಷಸೀನಾ?"

"ಬೈಯೋ ಬಾಯಿಗೆ ಇಷ್ಟು ಬಲ ಐತಲ್ಲ, ಕಾಲಿಗಿಲ್ವೇನ್ಲಾ? ಬಾ, ಸಾರು ಆರ್ತಾ ಐತೆ."

ತೆವಳಿದೆ, ಕುಂಟಿದೆ, ಬೈದೆ, ತಿಂದೆ. ಮಂಡಿ ದಿನದಿನಕ್ಕೆ ಸಡಿಲವಾಯಿತು.

ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಬೇಗ ಬಂದರು. ಚಿಕ್ಕಮ್ಮನ ಕೈ ನನ್ನ ಮಂಡಿಯ ಮೇಲಿತ್ತು.

"ಗಂಡನ್ನ ನುಂಗ್ಕೊಂಡಿದ್ದು ಸಾಲ್ದಾ? ನನ್ನ ಮಗನ ಕಾಲೂ ನುಂಗ್ತೀಯಾ?"

ಆಕೆ ತಲೆಯೆತ್ತಲಿಲ್ಲ. "ಕಾಲು ಬರ್ಲಿ ಭಾವ, ಆಮೇಲೆ ಬೈರಿ," ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ನಾನು ಕಂಬ ಬಿಟ್ಟು, ನೆಟ್ಟಗೆ ಅಪ್ಪನ ಎದುರಿಗೆ ನಡೆದುಹೋಗಿ ನಿಂತೆ. ಅಪ್ಪ ಆಕೆಯ ಕಡೆ ನೋಡಲಿಲ್ಲ. ಮೇಲಕ್ಕೆ ಕೈಮುಗಿದು, "ತಿಮ್ಮಪ್ಪಾ, ಕಾಪಾಡ್ದೆಯಪ್ಪಾ!" ಎಂದರು.

ಶ್ರಾವಣದಲ್ಲಿ ನೀರು ಹಾಕುವ ದಿನ ಬಂತು. ಹಂಡೆ ಕಾಯಿಸಿದವಳು ಚಿಕ್ಕಮ್ಮ. ಚೊಂಬು ಎತ್ತಿಕೊಂಡು ಬಂದಾಗ ಅಪ್ಪ ತಡೆದರು. "ನೀನು ಕೊಟ್ಟಿಗೆ ಕಡೆ ಇರು. ಮುತ್ತೈದೆ ಹಾಕ್ಬೇಕು." ಹಾಕಿದ್ದು ಯಾರು? ಯಲ್ದೂರಿನಿಂದ ಬಂದ ಸೋದರತ್ತೆ ದೊಡ್ಡಗಂಗಮ್ಮ. ಕಾಲು ಮುರಿದಾಗಿನಿಂದ ಒಂದು ಸಲವೂ ಇಣುಕಿ ನೋಡದವಳು!

"ಚಿಕ್ಕಮ್ಮ ಹಾಕದಿದ್ರೆ ನಂಗೆ ನೀರೇ ಬೇಡ!" ಎಂದು ಮಣೆಯಿಂದ ಎದ್ದೆ. ಅಪ್ಪ ಕೆನ್ನೆಗೆ ಬಾರಿಸಿ, ಹೆಗಲು ಅದುಮಿ ಕೂರಿಸಿ ಹಾಕಿಸಿದರು. ಆ ಬಿಸಿನೀರು ಮೈಮೇಲೆ ಉಗುಳಿದಂತಿತ್ತು.

ಸಾಯಂಕಾಲ ಚಿಕ್ಕಮ್ಮ ಸೀರೆ ಗಂಟು ಕಟ್ಟಿಕೊಂಡು ಮುಳಬಾಗಿಲ ಆಚೆಯ ತೌರಿಗೆ ಹೊರಟುಹೋದಳು. ಕಾಲು ಪೂರ್ತಿ ಗಟ್ಟಿಯಾದ ಮೇಲೆ ಕರೆತರಲು ಹೋದೆ.

"ನೀನು ಕರ್ದಿದ್ದು ಸಂತೋಷ ಕಣೋ," ಎಂದಳು. "ನಿಮ್ಮಪ್ಪ ಒಂದ್ಸಲ ಬಂದು 'ಬಾರಮ್ಮ' ಅನ್ಲಿ. ಅಷ್ಟೇ ಸಾಕು, ಹಿಂದೇನೇ ಬರ್ತೀನಿ."

ಅಪ್ಪನಿಗೆ ಹೇಳಿದೆ. ಜಗಳವಾಡಿದೆ. ದನದ ವ್ಯಾಪಾರಕ್ಕೆಂದು ಎಷ್ಟೋ ಸಲ ಮುಳಬಾಗಿಲಿಗೆ ಹೋದ ಮನುಷ್ಯ, ಆಕೆಯ ತೌರಿನ ಬಾಗಿಲಿಗೆ ಹೋಗಲಿಲ್ಲ. ನಲವತ್ಮೂರರಲ್ಲಿ ಚಿಕ್ಕಮ್ಮ ಜ್ವರದಲ್ಲಿ ಹೋದಳು. ಎರಡು ವರ್ಷಕ್ಕೆ ಅಪ್ಪನೂ ಹೋದರು. ಅವರ ತೋಟ, ಬಾವಿ, ಎತ್ತು ಎಲ್ಲ ನನಗೆ ಬಂದವು. ಆಕೆಗೆ ಅವರು ಕೊಡಬೇಕಾಗಿದ್ದ ಆ ಒಂದು ಮಾತು ಮಾತ್ರ ಬಾಕಿಯೇ ಉಳಿಯಿತು. ಅದನ್ನು ನಾನು ತೀರಿಸುವಂತಿರಲಿಲ್ಲ, ಅವರ ಬಾಯಿಂದಲೇ ಬರಬೇಕಾಗಿತ್ತು.