ಮುಸ್ಯೂ ಬರೆದ ಹಾಗೆಯೇ

ನಿಮ್ಮ ಅಪ್ಪನ ಕೊನೆಯ ಸಂಗೀತ ಕಛೇರಿಯನ್ನು ಹಾಳು ಮಾಡಿದವನು ನಾನು, ಎಲೆನ್ ಮೇಡಂ. ಮರೆವಲ್ಲ, ವಯಸ್ಸಲ್ಲ, ಮಸ್ಕತ್ತಿನ ಸೆಖೆಯೂ ಅಲ್ಲ — ನಾನು. ಮಾಡಿದ್ದು ಸಾಲದೆಂದು ಅವರ ಮುಖ ನೋಡಿ ಒಂದು ಸುಳ್ಳನ್ನೂ ಹೇಳಿದೆ. ಅವರು ಅದನ್ನು ನಂಬಿದರು. ನಿಮ್ಮ ಪ್ರಶ್ನೆಗೆ ಉತ್ತರ ಅಷ್ಟೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದೂ ಒಂದು ಬಗೆಯ ಜಾರಿಕೊಳ್ಳುವಿಕೆ, ಆದ್ದರಿಂದ ಪೂರ್ತಿ ಬರೆಯುತ್ತೇನೆ.

ಕಳೆದ ಶುಕ್ರವಾರ ಬೆಳಿಗ್ಗೆ ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಮನೆಯಲ್ಲಿ ನೀರುದೋಸೆ ತಿನ್ನುತ್ತಾ ಕೂತಿದ್ದಾಗ ನಿಮ್ಮ ಸಂದೇಶ ಬಂತು. ಅಪ್ಪನ ಸಂಗೀತ ಜೀವನದ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದೇನೆ, ಒಮಾನಿನ ವರ್ಷಗಳ ಬಗ್ಗೆ ನೀವೇ ಬರೆಯಬೇಕು, ಅವರು ಕೊನೆಯವರೆಗೂ ನಿಮ್ಮ ಹೆಸರು ಹೇಳುತ್ತಿದ್ದರು ಎಂದಿದ್ದಿರಿ. ಜೊತೆಗೆ ಅವರ ನೋಟ್‌ಬುಕ್ಕಿನ ಫೋಟೋಗಳು. ಫ್ರಾನ್ಸಿನ ಊರಿಗೆ ಮರಳಿದ ಮೇಲೆ ಪ್ರತಿದಿನ ಬೆಳಿಗ್ಗೆ ಹಿಂದಿನ ದಿನ ಏನು ಉಂಡೆ, ಯಾರು ಬಂದರು, ಏನು ಮಾತಾಡಿದರು ಎಂದೆಲ್ಲ ಬರೆದಿಡುತ್ತಿದ್ದರಂತೆ. ಅದರ ಕೆಳಗೆ ಕ್ಲಾರಿನೆಟ್ಟಿನ ಪಾಠ — ಮೊದಲ ವರ್ಷದ ವಿದ್ಯಾರ್ಥಿ ಬರೆಯುವಂಥದ್ದು — ಪುಟಗಟ್ಟಲೆ. ಡಾಕ್ಟರುಗಳು ಮರೆವಿನ ಕಾಯಿಲೆ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಅಪ್ಪ ನಂಬಲಿಲ್ಲ, ಯಾಕೆ? ಎಂದು ಕೇಳಿದ್ದೀರಿ.

ಯಾಕೆಂದರೆ ಅವರಿಗೆ ಮರೆವಿದೆ ಎಂದು ನಾನು ಹೇಳಿದ್ದೆ, ಮೇಡಂ!

ನನ್ನ ಹೆಂಡತಿ ಶಶಿಕಲಾ ಫೋಟೋಗಳನ್ನು ನೋಡಿ, "ಪಾಪ ಮಾರಾಯ್ರೆ, ಅಷ್ಟು ದೊಡ್ಡ ಮನುಷ್ಯ ಸಣ್ಣ ಮಕ್ಕಳ ಹಾಗೆ ಕಾಪಿ ಬರ್ದದ್ದು ಎಂತಕ್ಕೆ?" ಎಂದಳು. ನಾನು ದೋಸೆ ಬಿಟ್ಟು ಎದ್ದೆ. ಅವಳ ಮೇಲೆ ರೇಗಿದೆ — ಚಟ್ನಿಗೆ ಉಪ್ಪಿಲ್ಲವಂತೆ! ನನ್ನ ಕೋಪ ಯಾವಾಗಲೂ ಹೀಗೆಯೇ, ಹೋಗಬೇಕಾದ ಕಡೆಗೆ ಹೋಗುವುದೇ ಇಲ್ಲ.

ನಾನು ಯಾರು ಎಂದು ಮೊದಲು ಹೇಳಬೇಕು. ನನ್ನ ಅಪ್ಪ ಮಂಗಳೂರಿನ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದರು, ಮದುವೆ ದಿಬ್ಬಣಕ್ಕೆ, ಮೆರವಣಿಗೆಗೆ. ಪಾಶ್ಚಾತ್ಯ ಸ್ವರಲಿಪಿ ಬರೆಯುವುದನ್ನು ನಾನು ಕಲಿತದ್ದು ಅವರಿಂದ. ಊದಲು ನನಗೆ ಬರಲಿಲ್ಲ, ಬರೆಯಲು ಬಂತು. ಆ ಕಾಲದಲ್ಲಿ ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದಿಷ್ಟು ಪಿಟೀಲುಗಳ ಸಂಗೀತ ಹಾಕುತ್ತಿದ್ದರು. ಯಾರದ್ದು ಎಂದು ಯಾರೂ ಹೇಳುತ್ತಿರಲಿಲ್ಲ. ಅಪ್ಪ ಮಾತ್ರ ಊಟದ ಕೈ ಹಾಗೇ ನಿಲ್ಲಿಸಿ ಕೇಳುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಮಸ್ಕತ್ತಿನ ಹೋಟೆಲೊಂದರಲ್ಲಿ ನಿಮ್ಮ ಅಪ್ಪ ವಾದ್ಯವೃಂದ ನಡೆಸುವ ಆ ಸಣ್ಣ ಕೋಲು, ಬ್ಯಾಟನ್, ಎತ್ತಿದಾಗ ಅದೇ ಪಿಟೀಲು! ಅದೇ ಸಂಗೀತ! ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿ ಅತ್ತಿದ್ದೇನೆ.

ಅವರ ಹೆಸರು ನಮ್ಮ ಬಾಯಿಗೆ ಒಗ್ಗಲಿಲ್ಲ, ಎಲ್ಲರಿಗೂ ಅವರು ಮುಸ್ಯೂ, ಫ್ರೆಂಚಿನಲ್ಲಿ ಸಾಹೇಬರೇ ಎಂದ ಹಾಗೆ. ಎಪ್ಪತ್ತು ದಾಟಿತ್ತು. ಹುಡುಗನಾಗಿದ್ದಾಗ ಹಳ್ಳಿಯ ಕುಣಿತದ ಮನೆಗಳಲ್ಲಿ ಅಕಾರ್ಡಿಯನ್ ನುಡಿಸಿದ್ದು, ಪ್ಯಾರಿಸ್ಸಿಗೆ ಹೋಗಿ ದೊಡ್ಡ ಗಾಯಕರ ಹಾಡುಗಳಿಗೆ ವಾದ್ಯ ಹೊಂದಿಸಿದ್ದು, ಆಮೇಲೆ ತಮ್ಮದೇ ವಾದ್ಯವೃಂದ, ರೆಕಾರ್ಡುಗಳು — ಎಲ್ಲ ನಿಮಗೆ ಗೊತ್ತಿರುವುದೇ. ದಂತವೈದ್ಯರ ಕೋಣೆಯಲ್ಲಿ, ಲಿಫ್ಟಿನಲ್ಲಿ, ವಿಮಾನ ಇಳಿಯುವಾಗ ಜನ ಅವರನ್ನು ಕೇಳಿದರು, ಹೆಸರು ಕೇಳಲಿಲ್ಲ. ಕಾಲ ಬದಲಾಯಿತು, ಅಲ್ಲಿ ಕೆಲಸ ನಿಂತಿತು. ಇಲ್ಲಿಯ ಹೋಟೆಲು ಹದಿನಾರು ಜನರ ವಾದ್ಯವೃಂದ ಕಟ್ಟಿಕೊಡಿ ಎಂದಾಗ ಬಂದರು. ತಿಂಡಿ ತಿನ್ನುತ್ತಾ ಗಟ್ಟಿಯಾಗಿ ಮಾತಾಡುವ ಜನರ ಮುಂದೆ, ಒಂದು ದಿನವೂ ಟೈ ಸಡಿಲಿಸದೆ, ಬ್ಯಾಟನ್ ಬೀಸಿದರು. ಅವರ ಮುಂದೆ ಚಮಚ ಕುಟ್ಟುತ್ತಿದ್ದ ಆ ಜನರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಅವರು ಚಮಚವನ್ನಷ್ಟೇ ಕುಟ್ಟಿದವರು.

ಹಗಲು ಆಫೀಸಿನ ನೌಕರಿ, ಸಂಜೆ ನಾನು ಅವರ ಕಾಪಿ ಬರೆಯುವವನು. ಮುಸ್ಯೂ ಬರೆದ ಸ್ಕೋರಿನಲ್ಲಿ ಎಲ್ಲ ವಾದ್ಯಗಳ ಸಾಲುಗಳೂ ಒಂದರ ಕೆಳಗೊಂದು ಇರುತ್ತವೆ. ಅದರಿಂದ ಒಬ್ಬೊಬ್ಬ ವಾದಕನ ಪಾಲನ್ನು ಬೇರೆ ಬೇರೆ ಹಾಳೆಗೆ ಇಳಿಸಿ ಸ್ಟ್ಯಾಂಡಿನ ಮೇಲೆ ಇಡುವುದು ನನ್ನ ಕೆಲಸ. ಇದರಲ್ಲಿ ಒಂದು ತೊಡಕಿದೆ. ಕ್ಲಾರಿನೆಟ್ ಹಾಳೆಯಲ್ಲಿದ್ದುದಕ್ಕಿಂತ ಒಂದು ಸ್ವರ ಕೆಳಗೆ ನುಡಿಯುತ್ತದೆ. ಅದರ ಪಾಲನ್ನು ಒಂದು ಸ್ವರ ಮೇಲಕ್ಕೇರಿಸಿ ಬರೆಯಬೇಕು, ಟ್ರಂಪೆಟ್ಟಿಗೂ ಹಾಗೆಯೇ. ಮುಸ್ಯೂ ಸ್ಕೋರಿನಲ್ಲೇ ಏರಿಸಿ ಬರೆಯುವವರು, ಅದು ಅವರ ಹೆಮ್ಮೆ. ಆದರೆ ಅವಸರದಲ್ಲಿ ಅಲ್ಲೊಂದು ಪುಟ, ಇಲ್ಲೊಂದು ಪುಟ ಏರಿಸದೆ ಬಿಟ್ಟುಬಿಡುತ್ತಿದ್ದರು. ತಪ್ಪು ಎಲ್ಲರಿಗೂ ಆಗುತ್ತದೆ, ನನಗೆ ಎಷ್ಟು ಆಗಿಲ್ಲ!

ಮೊದಲ ಸಲ ಕಂಡಾಗ ನಾನು ಹೇಳಲಿಲ್ಲ. ನನ್ನ ಹಾಳೆಯಲ್ಲಿ ತಿದ್ದಿಕೊಂಡೆ, ಅವರ ಸ್ಕೋರನ್ನು ಹಾಗೇ ಬಿಟ್ಟೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದ ನಮ್ಮಂಥವರಿಗೆ ಇದು ಉಸಿರಾಟದಷ್ಟು ಅಭ್ಯಾಸ. ಸಾಹೇಬರ ಕಾಗದದಲ್ಲಿ ತಪ್ಪಿದ್ದರೆ ಸದ್ದಿಲ್ಲದೆ ಸರಿಮಾಡಿ ಮುಂದಿಡುವುದು, ಅವರಿಗೆ ಗೊತ್ತಾಗಬಾರದು. ಇದನ್ನು ನಾವು ಮರ್ಯಾದೆ ಎನ್ನುತ್ತೇವೆ. ಎಂಥ ಮರ್ಯಾದೆ ಮಣ್ಣಾಂಗಟ್ಟಿ! "ಮುಸ್ಯೂ, ಈ ಪುಟ ಏರಿಸಿಲ್ಲ" ಎಂದಿದ್ದರೆ ಅವರು "ಓ" ಎಂದು ನಕ್ಕು ಪೆನ್ನು ಎತ್ತುತ್ತಿದ್ದರು. ನಾನು ಹೇಳಲಿಲ್ಲ — ಎರಡು ವರ್ಷ. ಪ್ರತಿ ಸಲ ತಿದ್ದಿದಾಗಲೂ ಒಳಗೊಳಗೇ ಲೆಕ್ಕ ಇಟ್ಟೆ, ಇವರ ಮಾನ ಕಾಯುತ್ತಿರುವವನು ನಾನು ಎಂದು. ಗೊತ್ತೇ ಇಲ್ಲದ ಉಪಕಾರಕ್ಕೆ ಅವರು ಕೃತಜ್ಞರಾಗಿರಬೇಕೆಂದು ಕಾಯುತ್ತಿದ್ದೆ, ಮೂರ್ಖ.

ನಂತರ ಆ ವಿದಾಯದ ಕಛೇರಿ ನಿಗದಿಯಾಯಿತು. ಹೋಟೆಲಿನವರು ಅವರ ಗೌರವಕ್ಕೆಂದೇ ಏರ್ಪಡಿಸಿದ್ದು. ದೊಡ್ಡ ಸಭಾಂಗಣ, ಆಹ್ವಾನಿತರು, ತಿಂಡಿ ಇಲ್ಲ, ಚಮಚ ಇಲ್ಲ. ಆ ದಿನ ನುಡಿಸಲೆಂದು ನಾನೂ ಒಂದನ್ನು ಹೊಂದಿಸಿದ್ದೆ, ನನ್ನ ಅಮ್ಮ ತುಳುವಿನಲ್ಲಿ ಹೇಳುತ್ತಿದ್ದ ತೊಟ್ಟಿಲ ಹಾಡನ್ನು ಪಿಟೀಲುಗಳಿಗೆ. ಮೂರು ತಿಂಗಳ ಕೆಲಸ. ಅಭ್ಯಾಸದ ಬಿಡುವಿನಲ್ಲಿ ಕೊಟ್ಟೆ. ಮುಸ್ಯೂ ಒಂದು ನಿಮಿಷ ನೋಡಿದರು, ಇಲ್ಲ, ಅರ್ಧ ನಿಮಿಷ. ಎಲ್ಲರ ಮುಂದೆ ಹೇಳಿದರು:

"ಸದಾನಂದ, ನೀನು ಕಾಪಿ ಬರೆಯುವವನು. ನಾನು ಬರೆದದ್ದನ್ನೇ ಬರೆ. ಸಾಕು."

ಹೇಳಿ, ಕೈಯಲ್ಲಿದ್ದ ಕಾಫಿ ಕಪ್ಪನ್ನು ನನ್ನ ಹಾಳೆಯ ಮೇಲೆ ಇಟ್ಟರು. ಬೇಕೆಂದು ಇಟ್ಟರೋ, ಜಾಗವಿಲ್ಲದೆ ಇಟ್ಟರೋ — ಇವತ್ತಿಗೂ ಗೊತ್ತಿಲ್ಲ. ಫಿಲಿಪ್ಪೀನ್ಸಿನ ಕ್ಲಾರಿನೆಟ್ ವಾದಕ ರೋಡೆಲ್ ತಲೆ ತಗ್ಗಿಸಿದ. ಅವನಾದರೂ ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಮನೆಗೆ ಬಂದವನೇ ಊಟದ ಮೇಜಿನ ಮೇಲೆ ಹಾಳೆ ಹರಡಿದೆ. ಕಛೇರಿಯ ಮೊದಲ ಐಟಂನಲ್ಲಿ ಕ್ಲಾರಿನೆಟ್ಟಿಗೂ ಟ್ರಂಪೆಟ್ಟಿಗೂ ಮುಸ್ಯೂ ಇಡೀ ಎರಡು ಪುಟ ಏರಿಸದೆ ಬಿಟ್ಟಿದ್ದರು. ತಿದ್ದಿದ ಹಾಳೆಗಳನ್ನು ಆಗಲೇ ಕೊಟ್ಟಾಗಿತ್ತು, ಅಭ್ಯಾಸ ಚೆನ್ನಾಗಿ ನಡೆಯುತ್ತಿತ್ತು. ನಾನು ಎರಡನೇ ಸೆಟ್ ಬರೆದೆ. ಸ್ಕೋರಿನಲ್ಲಿ ಇದ್ದ ಹಾಗೆಯೇ, ತಪ್ಪು ಸಮೇತ.

"ಇದು ಒಮ್ಮೆ ಬರ್ದು ಆಯ್ತಲ್ಲಾ? ಪುನಃ ಎಂತ?" ಎಂದು ಶಶಿಕಲಾ ಕೇಳಿದಳು.

"ಮುಸ್ಯೂ ಹೇಳಿದ್ದಾರೆ" ಎಂದೆ.

ಆ ಹಾಳೆಗಳು ಎರಡು ದಿನ ನನ್ನ ಬ್ಯಾಗಿನಲ್ಲಿದ್ದವು. ಎರಡು ದಿನ, ಮೇಡಂ! ಒಂದು ಗಳಿಗೆಯ ಸಿಟ್ಟಿನಲ್ಲಿ ಏನೋ ಆಗಿಹೋಯಿತು ಎಂದು ಹೇಳುವ ಹಕ್ಕೂ ನನಗಿಲ್ಲ. ಬೌಷರಿನ ಆಫೀಸಿಗೆ ಹೋಗಿ ಬಂದೆ, ಮಗಳ ಸ್ಕೂಲ್ ಮೀಟಿಂಗಿಗೆ ಹೋದೆ, ಬ್ಯಾಗು ಹೆಗಲಲ್ಲೇ ಇತ್ತು.

ಕಛೇರಿ ಮುಸ್ಸಂಜೆಯ ಮಗ್ರಿಬ್ ನಮಾಜಿನ ನಂತರ. ಬಾಂಗ್ ಶುರುವಾದಾಗ ವಾದಕರು ಬಟ್ಟೆ ಬದಲಿಸಲು ಒಳಗೆ ಹೋದರು. ವೇದಿಕೆಯ ಮೇಲೆ ನಾನೊಬ್ಬನೇ. ಎರಡು ಕ್ಲಾರಿನೆಟ್, ಎರಡು ಟ್ರಂಪೆಟ್ — ನಾಲ್ಕು ಸ್ಟ್ಯಾಂಡುಗಳ ಹಾಳೆ ಬದಲಾಯಿಸಲು ಬಾಂಗ್ ಮುಗಿಯುವಷ್ಟು ಸಮಯವೂ ಬೇಕಾಗಲಿಲ್ಲ. ಮುಸ್ಯೂ ಕೊನೆಯ ಗಳಿಗೆಯವರೆಗೂ ಏನಾದರೊಂದು ಬದಲಿಸುವವರು, ಹೊಸ ಹಾಳೆ ಕಂಡರೆ ಯಾರೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮೊದಲು ಪಿಟೀಲುಗಳು ಬಂದವು, ನನ್ನ ಅಪ್ಪ ಊಟ ನಿಲ್ಲಿಸಿ ಕೇಳುತ್ತಿದ್ದ ಆ ಪಿಟೀಲುಗಳು. ನಂತರ ಕ್ಲಾರಿನೆಟ್ ಸೇರಿತು — ಅಪಸ್ವರ. ಟ್ರಂಪೆಟ್ ಸೇರಿತು, ಇನ್ನೂ ಗೋಳು. ರೋಡೆಲ್ ಗಾಬರಿಬಿದ್ದು ನೆನಪಿನಿಂದ ನುಡಿಸಲು ನೋಡಿದ, ಪಕ್ಕದವನು ಹಾಳೆಯಲ್ಲಿದ್ದುದನ್ನೇ ನುಡಿಸಿದ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮುಸ್ಯೂ ಬ್ಯಾಟನ್ ಇಳಿಸಿದರು. ಐವತ್ತು ವರ್ಷದಲ್ಲಿ ಕಛೇರಿಯ ನಡುವೆ ವಾದ್ಯವೃಂದವನ್ನು ನಿಲ್ಲಿಸಿದ್ದು ಅದೇ ಮೊದಲು ಎಂದು ಆಮೇಲೆ ಅವರೇ ಹೇಳಿದರು. ಮತ್ತೆ ಶುರು ಮಾಡಿದರು. ಮತ್ತೆ ಅದೇ. ಆಮೇಲೆ ಸಭೆಗೆ ಬಗ್ಗಿ ನಮಸ್ಕರಿಸಿ ಹೊರಟುಹೋದರು.

ಹಿಂದಿನ ಕೋಣೆಯಲ್ಲಿ ಸ್ಕೋರನ್ನೂ ಕ್ಲಾರಿನೆಟ್ಟಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಎರಡೂ ಒಂದೇ. ಸ್ಕೋರಿನಲ್ಲಿದ್ದ ತಪ್ಪು ಅವರ ಕೈಬರಹದ್ದೇ. "ಆದರೆ ಅಭ್ಯಾಸದಲ್ಲಿ ಸರಿ ಇತ್ತಲ್ಲ?" ಎಂದರು, ನನ್ನನ್ನೇ ನೋಡುತ್ತಾ. ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ.

ಆಗ ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು, ಬಂದಿತ್ತೇ? ಇಲ್ಲ. ಬಂದದ್ದು ಇದು:

"ನೀವೇ ಮೊನ್ನೆ ಬದಲಿಸಲು ಹೇಳಿದಿರಿ, ಮುಸ್ಯೂ. ನೆನಪಿಲ್ಲವಾ?"

ಅವರು ತುಂಬ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದರು. ಇಲ್ಲದೇ ಇದ್ದುದನ್ನು ಹುಡುಕುತ್ತಾ ಅವರ ತುಟಿ ಅಲ್ಲಾಡುತ್ತಿತ್ತು. ಕೊನೆಗೆ, "ಇಲ್ಲ" ಎಂದರು, "ನೆನಪಿಲ್ಲ." ಮ್ಯಾನೇಜರ್ ಒಳಗೆ ಬಂದು ಅವರ ಹೆಗಲ ಮೇಲೆ ಕೈಯಿಟ್ಟು, "ಖಲಾಸ್, ಮುಸ್ಯೂ, ಖಲಾಸ್" ಎಂದ. ಅರಬಿಯಲ್ಲಿ 'ಆಯಿತು, ಬಿಡಿ' ಎಂದು ಸಮಾಧಾನಕ್ಕೆಂದೇ ಹೇಳಿದ. ಅಲ್ಲಿಗೆ ಮುಗಿಯಿತು.

ಏರ್‌ಪೋರ್ಟಿಗೆ ಬಿಟ್ಟವನೂ ನಾನೇ. ದಾರಿಯಲ್ಲಿ ಅವರು, "ಆ ದಿನ ನಿನ್ನ ಹಾಳೆಯ ಮೇಲೆ ಕಪ್ಪು ಇಟ್ಟೆ, ಅಲ್ಲವೇ? ಅದು ನೆನಪಿದೆ. ಕ್ಷಮಿಸು" ಎಂದರು. ಮತ್ತೆ, "ನೀನು ನಿಷ್ಠಾವಂತ. ನಾನು ಬರೆದ ಹಾಗೆಯೇ ಬರೆದೆ" ಎಂದರು. ನಾನು ಸಿಗ್ನಲ್ ನೋಡುತ್ತಾ ಕಾರು ಓಡಿಸಿದೆ. ಥೂ!

ಅವರು ಹೋದ ಮೇಲೆ ನನ್ನ ತೊಟ್ಟಿಲ ಹಾಡನ್ನು ಒಮ್ಮೆ ನುಡಿಸಿದೆವು. ಕೆಟ್ಟದಾಗಿತ್ತು. ಎಲ್ಲ ಪಿಟೀಲುಗಳೂ ಒಂದೇ ಕಡೆ ಗುಂಪುಗೂಡಿ ಅಮ್ಮನ ಹಾಡನ್ನು ತುಳಿದು ಹಾಕಿದವು. ಮುಸ್ಯೂಗೆ ಅದು ಅರ್ಧ ನಿಮಿಷದಲ್ಲಿ ಕಂಡಿತ್ತು. ಹೇಳಿದ ರೀತಿ ಕೆಟ್ಟದು, ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ ರೀತಿ ಎಷ್ಟು ಮೃದುವಾಗಿತ್ತು! ಹೇಳಿದ್ದು ಮಾತ್ರ ವಿಷ.

ಹನ್ನೊಂದು ವರ್ಷ ನಾನು ಒಂದು ಮಾತನ್ನು ಹಿಡಿದುಕೊಂಡು ಬದುಕಿದೆ: ಅವರೇ ಹೇಳಿದ್ದಲ್ಲವೇ, ಬರೆದದ್ದನ್ನೇ ಬರೆ ಎಂದು? ಮತ್ತೆ, ತಪ್ಪು ಅವರದ್ದೇ ಅಲ್ಲವೇ? ನಿಮ್ಮ ಫೋಟೋಗಳು ಬಂದ ಮೇಲೆ ಆ ಮಾತು ಸತ್ತುಹೋಯಿತು. ಕಾಪಿ ಬರೆಯುವವನ ಕಣ್ಣು, ನೋಡದೆ ಇರಲಾಗಲಿಲ್ಲ. ಹಿಗ್ಗಿಸಿ ಹಿಗ್ಗಿಸಿ ಒಂದೊಂದು ಸಾಲನ್ನೂ ಪರೀಕ್ಷಿಸಿದೆ. ಪ್ರತಿ ಪುಟವನ್ನೂ ಒಂದು ಸ್ವರ ಏರಿಸಿಯೇ ಬರೆದ ಆ ಕ್ಲಾರಿನೆಟ್ಟಿನ ಪಾಠಗಳಲ್ಲಿ ಒಂದೇ ಒಂದು ತಪ್ಪಿಲ್ಲ, ಮೇಡಂ. ಒಂದೂ ಇಲ್ಲ. ಆ ಮನುಷ್ಯ ಸಾಯುವ ತನಕ ತಮ್ಮ ತಲೆಯಲ್ಲಿ ಎಲ್ಲಿ ಕೆಟ್ಟಿದೆ ಎಂದು ಹುಡುಕಿದರು. ಅದು ಕೆಟ್ಟಿದ್ದು ನನ್ನ ಬ್ಯಾಗಿನಲ್ಲಿ.

ಎರಡೂ ಸೆಟ್ ಹಾಳೆಗಳು ನಮ್ಮ ಮಲಗುವ ಕೋಣೆಯ ಕಪಾಟಿನಲ್ಲಿವೆ. ಎಸೆಯಲು ಧೈರ್ಯ ಬರಲಿಲ್ಲ. ಭಾನುವಾರ ಕೊರಿಯರ್ ಮಾಡುತ್ತೇನೆ. ತಿದ್ದಿದ್ದು, ತಿದ್ದದೇ ಇದ್ದದ್ದು, ಎರಡನ್ನೂ ಪುಸ್ತಕದಲ್ಲಿ ಹಾಕಿ. ಈ ಪತ್ರವನ್ನೂ ಹಾಕಿ, ನನ್ನ ಹೆಸರಿನ ಸಮೇತ. ನೀವು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಕ್ಷಮೆ ಕೇಳಬೇಕಾದವರ ಹತ್ತಿರ ಕೇಳುವ ಸಮಯದಲ್ಲಿ ನಾನು ಸಿಗ್ನಲ್ ನೋಡುತ್ತಿದ್ದೆ.

ಇದನ್ನು ಕನ್ನಡದಲ್ಲಿ ಬರೆದದ್ದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಬರೆದರೆ ನಾನು ಆಫೀಸಿನ ಮನುಷ್ಯನಾಗಿಬಿಡುತ್ತೇನೆ, ಆದ ಅನಾನುಕೂಲಕ್ಕೆ ವಿಷಾದಿಸಿ ಕೈತೊಳೆದುಕೊಳ್ಳುತ್ತೇನೆ. ಇಂಗ್ಲಿಷಿಗೆ ಇಳಿಸಲು ಮಗಳು ಅನ್ವಿತಾಳನ್ನು ಕೂರಿಸಿದ್ದೇನೆ. ಮುಸ್ಯೂ ಅವಳಿಗೆ ಒಂದು ವರ್ಷ ಪಿಯಾನೋ ಹೇಳಿಕೊಟ್ಟಿದ್ದರು, ಅವಳ ಕೋಣೆಯಲ್ಲಿ ಅವರ ಫೋಟೋ ಇದೆ. ಮೊದಲ ಪುಟ ಓದಿ ಅವಳು ನನ್ನ ಮುಖ ನೋಡಲಿಲ್ಲ. ಆ ಕಛೇರಿಯ ರಾತ್ರಿಯ ಭಾಗಕ್ಕೆ ಬಂದಾಗ, "ಪಪ್ಪಾ, ಆರ್ ಯೂ ಶ್ಯೂರ್? ಈ 'ನೆನಪಿಲ್ಲವಾ' ಲೈನ್ ಸ್ವಲ್ಪ ಸಾಫ್ಟ್ ಮಾಡ್ಲಾ?" ಎಂದು ಕೇಳಿದಳು.

"ಬೇಡ ಮಗಾ," ಎಂದೆ. "ನಾನು ಬರ್ದದ್ದನ್ನೇ ಬರಿ."