ತವರಿನ ಹೆಪ್ಪು

ವಾಂತಿಭೇದಿ ಹಬ್ಬಿದ ವರ್ಷ, ಪಾತ್ರೆಗಳನ್ನೆಲ್ಲ ಕುದಿನೀರಿನಲ್ಲಿ ತೊಳೆಯಿರೆಂದು ಹೇಳಿಬರಲು ಆರೋಗ್ಯ ಕೇಂದ್ರದಿಂದ ನನ್ನನ್ನು ಎಮ್ಮೆದೊಡ್ಡಿ ಎಂಬ ಹಳ್ಳಿಗೆ ಕಳಿಸಿದ್ದರು. ಮರುದಿನ ಹೋದರೆ ಪುಟ್ಟಮ್ಮನೆಂಬ ಅಜ್ಜಿ ಮೊಸರಿನ ಗಡಿಗೆ ಹಿಡಿದು ಅಳುತ್ತಿದ್ದರು. ಮದುವೆಯಲ್ಲಿ ಅವರವ್ವ ಕೊಟ್ಟ ಹೆಪ್ಪು ಇಷ್ಟು ವರ್ಷವೂ ಅದರಲ್ಲೇ ಉಳಿದುಬಂದಿತ್ತು. ನನ್ನ ಮಾತು ನಂಬಿ ಕುದಿನೀರು ಸುರಿದಿದ್ದರು.

"ಈ ಹೆಪ್ಪು ಬೇರೆ ಯಾರಿಗಾದರೂ ಕೊಟ್ಟಿದ್ದಿರಾ?" ಎಂದೆ ಮೆಲ್ಲಗೆ.

"ಅಜ್ಜಂಪುರದ ಮಗಳಿಗೆ ಕೊಟ್ಟಿದ್ದೆ. ಈಗದು ಅವಳ ಮನೇದಲ್ವಾ, ತಾಯಿ."

"ಮೊಸರಲ್ಲಿರೋದು ಬ್ಯಾಕ್ಟೀರಿಯಾ ಅಂತ, ಕಣ್ಣಿಗೆ ಕಾಣದ ಜೀವ. ಒಂದು ಸೀಳಿ ಎರಡಾಗುತ್ತೆ. ತಾಯಿ ಬೇರೆ, ಮಗು ಬೇರೆ ಅಂತಿಲ್ಲ. ಅಲ್ಲಿರೋದೂ ನಿಮ್ಮವ್ವ ಕೊಟ್ಟಿದ್ದೇ."

ಪುಟ್ಟಮ್ಮ ಕಣ್ಣೊರೆಸಿಕೊಂಡು ಅಜ್ಜಂಪುರಕ್ಕೆ ಹೊರಟುನಿಂತರು. "ಇಷ್ಟೆಲ್ಲ ಗೊತ್ತಿದ್ದೋಳು ಕುದಿನೀರು ಹುಯ್ಯೋಕೆ ಮುಂಚೆ ಹೇಳ್ಬಾರ್ದಿತ್ತೇನವ್ವ?"

ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಮೊಸರಿನ ಗಡಿಗೆ ಎಲ್ಲಿ ಎಂದು ಕೇಳುತ್ತೇನೆ. ಹಸಿದಿದ್ದಾಳೆಂದುಕೊಂಡು ಎಲ್ಲರೂ ಮಜ್ಜಿಗೆ ಕೊಡುತ್ತಾರೆ.